ಯಾವ ‘ಕಾಡು’ ಬೇಕು? ಒಂದೇ ಹೆಸರಿನ ಕೃತಿಗಳಿಗೆ ಕಾರ್ಡು ಬರೆಯುವ ಕ್ರಮ

ಕಾಸರಗೋಡು, ಮಂಜೇಶ್ವರ ಕಡೆಯ ಊರ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕ ಒಂದು ಗೋಡೆಗಾದರೆ ಮಲಯಾಳದ್ದು ಎದುರು ಗೋಡೆಗೆ. ಯಾರೋ ಬಂದು “ಕಾಡು ಉಂಟಾ?” ಎಂದು ಕೇಳಿದರು ಅನ್ನಿ. ಶ್ರೀಕೃಷ್ಣ ಆಲನಹಳ್ಳಿಯವರ 1972ರ ಕಾದಂಬರಿ ಉಂಟು. ಅದನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ 1973ರ ಸಿನಿಮಾ ಉಂಟು. ಅದೇ 1973ರಲ್ಲಿ ಪಿ. ಸುಬ್ರಹ್ಮಣ್ಯಂ ಅವರ ಮಲಯಾಳ ಸಿನಿಮಾವೂ ಬಂತು, ಅದಕ್ಕೂ ಆಲನಹಳ್ಳಿಯವರಿಗೂ ಸಂಬಂಧ ಇಲ್ಲ. ಇವಿಷ್ಟರ ಮೇಲೆ ಜಯಮೋಹನ್ ಅವರ ತಮಿಳು ಕಾದಂಬರಿ ಬೇರೆ. (ಅವರು ಒಂದು ಕಾಲಕ್ಕೆ ಕಾಸರಗೋಡಿನ ಟೆಲಿಫೋನ್ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಹಾಗಾಗಿ ಇಲ್ಲಿ ಅವರ ‘ಕಾಡು’ ಕೇಳಿಕೊಂಡು ಬರುವವರು ಇರುವುದು ಆಶ್ಚರ್ಯವಲ್ಲ.) ಹೆಸರು ಮತ್ತು ವರ್ಷ ಬರೆದಿಟ್ಟರೆ ಸಾಕು ಎಂದುಕೊಂಡವರು ಎಡವುವುದು ಇಲ್ಲೇ. ಎರಡು ‘ಕಾಡು’ ಸಿನಿಮಾಗಳಿಗೆ ಹೆಸರೂ ಒಂದೇ, ವರ್ಷವೂ ಒಂದೇ.

ಇಂಥ ಕೃತಿಗಳಿಗೆ ಪ್ರತ್ಯೇಕ ಪಟ್ಟಿ ಬೇಕು. ಸ್ಟಾಕ್ ರಿಜಿಸ್ಟರ್ ಇದಕ್ಕೆ ಆಗುವುದಿಲ್ಲ. ಅದರಲ್ಲಿ ಬರುವುದು ಲೈಬ್ರರಿ ಕೊಂಡ ಪುಸ್ತಕ ಮಾತ್ರ, ಸಿನಿಮಾ, ನಾಟಕ, ಧಾರಾವಾಹಿ, ಯಕ್ಷಗಾನ ಪ್ರಸಂಗ ಬರುವುದಿಲ್ಲ. 12.5 ಸೆಂ.ಮೀ. ಅಗಲ, 7.5 ಸೆಂ.ಮೀ. ಎತ್ತರದ ಕಾರ್ಡುಗಳ ಒಂದು ಕಟ್ಟು ತನ್ನಿ, ಅಥವಾ ಎಕ್ಸೆಲ್ ಶೀಟ್ ತೆರೆಯಿರಿ. ಎರಡಕ್ಕೂ ಕ್ರಮ ಒಂದೇ.

ಹೆಸರಿಗೊಂದು ಕಾರ್ಡು ಅಲ್ಲ, ಕೃತಿಗೊಂದು ಕಾರ್ಡು. “ಕಾಡು: ಕಾದಂಬರಿ, ಸಿನಿಮಾ” ಎಂದು ಒಂದೇ ಕಾರ್ಡಿನಲ್ಲಿ ಬರೆದ ಕೂಡಲೇ ಕೆಲಸ ಕೆಟ್ಟಿತು. ನಾಳೆ ಮೂರನೆಯದು ಸಿಕ್ಕಿದಾಗ ಅದನ್ನು ಯಾವುದರ ಕೆಳಗೆ ಬರೆಯುವುದು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೇಲಿನ ನಾಲ್ಕಕ್ಕೆ ನಾಲ್ಕು ಕಾರ್ಡು. ಪ್ರತಿ ಕಾರ್ಡಿನಲ್ಲಿ ಆರು ಸಾಲು: ಹೆಸರು, ಪ್ರಕಾರ, ಭಾಷೆ, ಕರ್ತೃ, ವರ್ಷ, ಸಂಬಂಧ.

ಹೆಸರು ಬರೆಯುವಾಗ

ಪುಸ್ತಕದ ಹೆಸರನ್ನು ರಕ್ಷಾಪುಟದಿಂದ ಎತ್ತಬೇಡಿ, ಒಳಗಿನ ಶೀರ್ಷಿಕೆ ಪುಟದಿಂದ ಎತ್ತಿ. ರಕ್ಷಾಪುಟದಲ್ಲಿ ಕಲಾವಿದರು ಪದಗಳನ್ನು ಒಡೆದು, ಕೂಡಿಸಿ ಬರೆದಿರುತ್ತಾರೆ. ಸಿನಿಮಾಕ್ಕೂ ಇದೇ ನ್ಯಾಯ: ಪೋಸ್ಟರ್ ಬಿಡಿ, ಪರದೆಯ ಮೇಲೆ ಬರುವ ಹೆಸರು ನೋಡಿ.

‘ಚೋಮನ ದುಡಿ’ಯನ್ನು ಕೆಲವರು ಎರಡು ಪದ ಮಾಡುತ್ತಾರೆ, ಕೆಲವರು ಒಂದೇ ಪದವಾಗಿ ಬರೆಯುತ್ತಾರೆ. ಕಾರ್ಡುಗಳನ್ನು ಅಕಾರಾದಿಯಲ್ಲಿ ಜೋಡಿಸುವಾಗ ಪದಗಳ ನಡುವಿನ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಶೀಟಿನಲ್ಲಾದರೆ ಜಾಗ ತೆಗೆದ ರೂಪಕ್ಕೆ ಬೇರೆ ಒಂದು ಕಾಲಂ ಮಾಡಿ, ಅದರ ಮೇಲೆ ಸಾರ್ಟ್ ಮಾಡಿ.

ಮಲಯಾಳದ ಹೆಸರುಗಳಲ್ಲಿ ಇನ್ನೊಂದು ತೊಡಕು. ಮಲಯಾಳದ ‘ಕಾಡು’ ಕೊನೆಯಲ್ಲಿ ಚಂದ್ರಕ್ಕಲ (ಅಕ್ಷರದ ಮೇಲಿನ ಅರ್ಧಚಂದ್ರದ ಗುರುತು) ಇಟ್ಟುಕೊಂಡಿರುತ್ತದೆ. ಅಕ್ಷರಕ್ಕೆ ಅಕ್ಷರ ಇಳಿಸಿದರೆ ಕನ್ನಡದಲ್ಲಿ ‘ಕಾಟ್’ ಆಗಿಬಿಡುತ್ತದೆ, ಪಟ್ಟಿಯಲ್ಲಿ ‘ಕಾಡು’ವಿನ ಹತ್ತಿರವೂ ಸುಳಿಯುವುದಿಲ್ಲ. ಇಲ್ಲಿಯ ಜನ ಬಾಯಲ್ಲಿ ಹೇಳುವಂತೆ ಕನ್ನಡ ಲಿಪಿಯಲ್ಲಿ ಬರೆಯಿರಿ, ಮೂಲ ಲಿಪಿಯ ಹೆಸರನ್ನು ಕೆಳಗೆ ಎರಡನೇ ಸಾಲಾಗಿ ಇಡಿ. ಕೊನೆಯ ‘ಂ’ ಮಾತ್ರ ಹಾಗೇ ಇರಲಿ. 2013ರ ಮಲಯಾಳ ‘ದೃಶ್ಯಂ’ ಬೇರೆ ಸಿನಿಮಾ, ಅದರ ರೀಮೇಕಾದ 2014ರ ಕನ್ನಡದ ‘ದೃಶ್ಯ’ ಬೇರೆ. ಆ ಒಂದು ಸೊನ್ನೆಯೇ ಇಲ್ಲಿ ಭಾಷೆಯ ಗುರುತು.

ಕಂಪ್ಯೂಟರಿನಲ್ಲಿ ಹುಡುಕಿದಾಗ ಇದ್ದದ್ದೂ ಸಿಗದಿದ್ದರೆ ಮೂರು ಕಡೆ ನೋಡಿ. ಒಂದು, ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಪಟ್ಟಿಯನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಎರಡು, ‘ಚೋ’ದಂಥ ಅಕ್ಷರದ ‘ೋ’ ಒಂದೇ ಸಂಕೇತವಾಗಿಯೂ ಕೂರಬಹುದು, ಎರಡು ಮೂರು ತುಂಡುಗಳಾಗಿಯೂ ಕೂರಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಹುಡುಕಾಟಕ್ಕೆ ಕಾಣುತ್ತದೆ. ಆ ಹೆಸರನ್ನು ಅಳಿಸಿ ಒಂದೇ ಕೀಲಿಮಣೆಯಲ್ಲಿ ಮತ್ತೆ ಟೈಪ್ ಮಾಡುವುದೇ ಸುಲಭ. ಮೂರು, ‘ಡೇರ್‌ಡೆವಿಲ್’ ಎಂದು ‘ರ್’ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದಿಲ್ಲದೆ ಟೈಪ್ ಮಾಡಿ ಹುಡುಕಿದರೆ ಸಿಗದೇ ಹೋಗಬಹುದು. ಇಂಥ ಹೆಸರುಗಳಲ್ಲಿ ಪೂರ್ತಿ ಪದ ಬಿಟ್ಟು ‘ಡೆವಿಲ್’ ಎಂದಷ್ಟೇ ಹುಡುಕಿ.

ಕಥೆಯ ಹೆಸರೋ, ಸಂಕಲನದ್ದೋ

ಗೊಂದಲ ಹೆಚ್ಚು ಆಗುವುದು ಸಣ್ಣಕಥೆಗಳಿಂದ ಬಂದ ಸಿನಿಮಾಗಳಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕೈಗೆತ್ತಿಕೊಳ್ಳಿ. ಅದು ಸಂಕಲನದ ಹೆಸರು, ಅದರೊಳಗಿನ ಒಂದು ಕಥೆಯ ಹೆಸರು, ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 1973ರ ಸಿನಿಮಾದ ಹೆಸರೂ ಹೌದು. ಮೂರು ಕಾರ್ಡು ಬೇಕೇ ಬೇಕು. ಸಿನಿಮಾ ಬಂದದ್ದು ಸಂಕಲನದಿಂದ ಅಲ್ಲ, ಆ ಹೆಸರಿನ ಕಥೆಯಿಂದ. ಸಂಬಂಧದ ಸಾಲಿನಲ್ಲಿ ಕಥೆಯನ್ನೇ ತೋರಿಸಬೇಕು.

ಅದೇ ಸಂಕಲನದಲ್ಲಿ ‘ತಬರನ ಕಥೆ’ ಇದೆ, ಗಿರೀಶ ಕಾಸರವಳ್ಳಿಯವರು ಅದನ್ನು 1986ರಲ್ಲಿ ಸಿನಿಮಾ ಮಾಡಿದರು. ‘ಕುಬಿ ಮತ್ತು ಇಯಾಲ’ ಇದೆ, ಅದೂ ಅದೇ ಹೆಸರಿನಲ್ಲಿ ತೆರೆಗೆ ಬಂತು. ‘ಡೇರ್‌ಡೆವಿಲ್ ಮುಸ್ತಾಫಾ’ ಇದೆ, 2023ರಲ್ಲಿ ಸಿನಿಮಾ ಆಯಿತು. ಇಷ್ಟೂ ಒಂದೇ ಪುಸ್ತಕದೊಳಗಿನ ಸರಕು! ಸಿನಿಮಾ ನೋಡಿದ ಮಕ್ಕಳು “ಮುಸ್ತಾಫಾ ಪುಸ್ತಕ ಕೊಡಿ” ಎಂದಾಗ ಸ್ಟಾಕ್ ರಿಜಿಸ್ಟರಿನಲ್ಲಿ ಆ ಹೆಸರೇ ಇರುವುದಿಲ್ಲ, ಪುಸ್ತಕ ಮಾತ್ರ ಬೆನ್ನ ಹಿಂದಿನ ಕಪಾಟಿನಲ್ಲೇ ಇರುತ್ತದೆ. ಅದಕ್ಕಾಗಿ ಬಿಡಿ ಕಥೆಗೂ ಒಂದು ಕಾರ್ಡು ಬರೆದು, ಕೆಳಗೆ “ಪುಸ್ತಕ: ಅಬಚೂರಿನ ಪೋಸ್ಟಾಫೀಸು, ಕಪಾಟು ಸಂಖ್ಯೆ ಇಷ್ಟು” ಎಂದು ಸೇರಿಸಿ. ಎಲ್ಲ ಸಂಕಲನಗಳ ಎಲ್ಲ ಕಥೆಗಳಿಗೂ ಇದನ್ನು ಮಾಡಹೊರಟರೆ ಕೈ ಸೋಲುತ್ತದೆ. ಸಿನಿಮಾ, ನಾಟಕ ಅಥವಾ ಧಾರಾವಾಹಿ ಆದ ಕಥೆಗಳಿಗೆ ಮಾಡಿದರೆ ಸಾಕು.

ಯು.ಆರ್. ಅನಂತಮೂರ್ತಿಯವರ ಕಥೆಗಳಿಗೂ ಇದೇ ಕ್ರಮ. ‘ಘಟಶ್ರಾದ್ಧ’ ಇರುವುದು ‘ಪ್ರಶ್ನೆ’ ಎಂಬ ಸಂಕಲನದಲ್ಲಿ, ಅದೇ ಹೆಸರಿನ ಪುಸ್ತಕ ಹುಡುಕಿದರೆ ತಪ್ಪುತ್ತದೆ. ‘ಮೌನಿ’ಯಾದರೋ ಕಥೆಯೂ ಹೌದು, ಸಂಕಲನವೂ ಹೌದು, ಸಿನಿಮಾವೂ ಹೌದು.

ಸಂಬಂಧದ ಸಾಲು

ಆರು ಸಾಲಿನಲ್ಲಿ ಉಳಿದ ಐದನ್ನು ಯಾರೂ ತುಂಬಿಸಬಹುದು. ಪಟ್ಟಿಯ ಜೀವ ಇರುವುದು ಆರನೆಯದರಲ್ಲಿ. ಇಲ್ಲಿ ನಾಲ್ಕೇ ಮಾತು ಬಳಸಿ: ಆಧಾರ, ಅನುವಾದ, ಒಂದೇ ಮೂಲ, ಸಂಬಂಧ ಇಲ್ಲ. ಖಚಿತ ಇಲ್ಲದಿದ್ದರೆ ಖಾಲಿ ಬಿಡಿ, ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಹಾಕಿ. ಹೆಸರು ಒಂದೇ ಎಂದಾಕ್ಷಣ ‘ಆಧಾರ’ ಎಂದು ಬರೆಯುವ ಚಟ ಎಲ್ಲರಿಗೂ ಇದೆ.

‘ಪರ್ವ’ ಇದಕ್ಕೆ ಒಳ್ಳೆಯ ಪರೀಕ್ಷೆ. ಎಸ್.ಎಲ್. ಭೈರಪ್ಪನವರ ಕಾದಂಬರಿ 1979ರದ್ದು. ಮೈಸೂರು ರಂಗಾಯಣ 2021ರಲ್ಲಿ ಆಡಿದ, ಪ್ರಕಾಶ್ ಬೆಳವಾಡಿ ನಿರ್ದೇಶನದ ನಾಟಕಕ್ಕೆ ಆ ಕಾದಂಬರಿಯೇ ಆಧಾರ. ನಡುವೆ 2002ರಲ್ಲಿ ಸುನಿಲ್ ಕುಮಾರ್ ದೇಸಾಯಿ ನಿರ್ದೇಶಿಸಿದ, ವಿಷ್ಣುವರ್ಧನ್ ನಟಿಸಿದ ‘ಪರ್ವ’ ಬಂತಲ್ಲ, ಅದಕ್ಕೂ ಭೈರಪ್ಪನವರಿಗೂ ಸಂಬಂಧ ಇಲ್ಲ.

‘ನಾಗರಹಾವು’ ಹೆಸರಿನಲ್ಲಿ ಮೂರು ಸಿನಿಮಾ: 1972, 2002, 2016. ತ.ರಾ.ಸು. ಅವರ ಕಾದಂಬರಿಗೆ ಸೇರುವುದು ಮೊದಲನೆಯದು ಮಾತ್ರ. ಅದು ಕೂಡ ‘ನಾಗರಹಾವು’ ಒಂದರಿಂದಲೇ ಆದದ್ದಲ್ಲ. ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎರಡನ್ನೂ ಸೇರಿಸಿಕೊಂಡದ್ದು. ಆ ಕಾರ್ಡಿನಲ್ಲಿ “ಆಧಾರ: ಮೂರು ಕಾದಂಬರಿ” ಎಂದು ಬರೆದು ಮೂರರ ಹೆಸರನ್ನೂ ಕೊಡಿ.

ಗಡಿಯ ಲೈಬ್ರರಿಗೆ ತಪ್ಪದೆ ಬರುವ ಹೆಸರು ‘ಅಗ್ನಿಸಾಕ್ಷಿ’. ಲಲಿತಾಂಬಿಕಾ ಅಂತರ್ಜನಂ ಅವರ ಮಲಯಾಳ ಕಾದಂಬರಿ 1976ರದ್ದು, ಶ್ಯಾಮಪ್ರಸಾದ್ ಅದನ್ನು 1999ರಲ್ಲಿ ಸಿನಿಮಾ ಮಾಡಿದರು. 2013ರಲ್ಲಿ ಶುರುವಾಗಿ ವರ್ಷಗಟ್ಟಲೆ ಓಡಿದ ಕನ್ನಡ ಧಾರಾವಾಹಿ ‘ಅಗ್ನಿಸಾಕ್ಷಿ’ಗೂ ಇವೆರಡಕ್ಕೂ ಏನೂ ಸಂಬಂಧ ಇಲ್ಲ. ಧಾರಾವಾಹಿ ನೋಡಿ ಪುಸ್ತಕ ಕೇಳಿದವರಿಗೆ ನಂಬೂದಿರಿ ಮನೆಯ ಕಥೆ ಕೊಟ್ಟು ಕಳಿಸಿದರೆ ಎರಡೇ ದಿನಕ್ಕೆ ವಾಪಸು ಬರುತ್ತದೆ. ಓದಿ ಮೆಚ್ಚಿದರೆ ಅದು ಅವರ ಪುಣ್ಯ.

‘ಒಂದೇ ಮೂಲ’ ಎಂಬ ಮಾತು ಪುರಾಣದ ಕೃತಿಗಳಿಗೆ. ‘ಕೀಚಕವಧೆ’ ಯಕ್ಷಗಾನ ಪ್ರಸಂಗ, ಇರಯಿಮ್ಮನ್ ತಂಬಿಯವರ ಆಟ್ಟಕ್ಕಥೆ (ಕಥಕಳಿ ಆಟದ ಪದ್ಯಕೃತಿ) ‘ಕೀಚಕವಧಂ’, ಮದರಾಸಿನಲ್ಲಿ ಆರ್. ನಟರಾಜ ಮುದಲಿಯಾರ್ ತೆಗೆದ ಅದೇ ಹೆಸರಿನ ಮೂಕಿ ಚಿತ್ರ: ಇವು ಒಂದರಿಂದ ಒಂದು ಬಂದವಲ್ಲ. ಮೂರಕ್ಕೂ ಬೇರು ಮಹಾಭಾರತದ ವಿರಾಟಪರ್ವ. ಇಂಥಲ್ಲಿ ‘ಆಧಾರ’ ಎಂದು ಬರೆದರೆ ಇಲ್ಲದ ನೆಂಟಸ್ತಿಕೆ ಹುಟ್ಟಿಸಿದ ಹಾಗೆ.

ಯಕ್ಷಗಾನಕ್ಕೆ ಇನ್ನೊಂದು ಎಚ್ಚರ ಬೇಕು. ಒಂದೇ ಹೆಸರಿನ ಪ್ರಸಂಗ ಬೇರೆ ಬೇರೆ ಕವಿಗಳಿಂದ ಇರಬಹುದು, ಒಂದೇ ಪ್ರಸಂಗ ಹ್ಯಾಂಡ್‌ಬಿಲ್ಲಿನಲ್ಲಿ ಬೇರೆ ಹೆಸರು ಹೊತ್ತಿರಬಹುದು. ವಾಲಿಯ ಕಥೆ ಒಂದು ಕಡೆ ‘ಸಂಹಾರ’, ಇನ್ನೊಂದು ಕಡೆ ‘ಮೋಕ್ಷ’. ಹ್ಯಾಂಡ್‌ಬಿಲ್ ನಂಬಬೇಡಿ, ಪ್ರಸಂಗ ಪುಸ್ತಕದ ಮೊದಲ ಕೆಲವು ಪದ್ಯಗಳನ್ನು ಹೋಲಿಸಿ ನೋಡಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ‘ಪಂಚವಟಿ’ಯಂಥವಕ್ಕೆ ಕರ್ತೃವಿನ ಸಾಲಿನಲ್ಲಿ “ಪಾರ್ತಿಸುಬ್ಬ (ಎಂದು ರೂಢಿ)” ಎನ್ನಿ, ಯಾಕೆಂದರೆ ಆ ಕರ್ತೃತ್ವದ ಮೇಲೆ ವಿದ್ವಾಂಸರು ಸಾಕಷ್ಟು ಜಗಳಾಡಿದ್ದಾರೆ. ತಾಳಮದ್ದಳೆಯ ಸಿ.ಡಿ. ಅಥವಾ ಪೆನ್‌ಡ್ರೈವ್ ಇದ್ದರೆ ಅದು ಪ್ರಸಂಗದಿಂದ ಬೇರೆಯೇ ಕೃತಿ: ಭಾಗವತರು, ಅರ್ಥಧಾರಿಗಳು, ಸ್ಥಳ, ದಿನಾಂಕ ಎಲ್ಲ ಬೇಕು.

ಯಾವ ವರ್ಷ?

ಪುಸ್ತಕಕ್ಕೆ ಮೊದಲ ಮುದ್ರಣದ ವರ್ಷ. ಕೈಯಲ್ಲಿರುವುದು ಹದಿನೈದನೆಯ ಮುದ್ರಣವಾದರೆ ಅದರ ವರ್ಷ ಸ್ಟಾಕ್ ರಿಜಿಸ್ಟರಿಗೆ. ಸಿನಿಮಾಕ್ಕೆ ಬಿಡುಗಡೆಯ ವರ್ಷ ಬರೆಯಿರಿ, ಪ್ರಶಸ್ತಿಯ ವರ್ಷ ಬೇರೆಯಾದರೆ ಪಕ್ಕದಲ್ಲಿ ಅದನ್ನೂ. ಬಿ.ವಿ. ಕಾರಂತ, ಗಿರೀಶ ಕಾರ್ನಾಡ್ ಇಬ್ಬರ ‘ವಂಶವೃಕ್ಷ’ ರಾಷ್ಟ್ರಪ್ರಶಸ್ತಿ ಪಟ್ಟಿಯಲ್ಲಿ 1971ಕ್ಕೆ ಸೇರಿದೆ, ಬಹಳ ಕಡೆ 1972 ಎಂದೂ ಇದೆ. ಎರಡು ಬೇರೆ ಸಿನಿಮಾ ಎಂದು ತಿಳಿದು ಎರಡು ಕಾರ್ಡು ಬರೆಯಬೇಡಿ. ಬಾಪು ಅವರ 1980ರ ತೆಲುಗು ‘ವಂಶವೃಕ್ಷಂ’ ಮಾತ್ರ ನಿಜವಾಗಿ ಬೇರೆ. ಅದಕ್ಕೂ ಮೂಲ ಭೈರಪ್ಪನವರ ಕಾದಂಬರಿಯೇ ಆದ್ದರಿಂದ ‘ಆಧಾರ’ ಎಂದಾಗಬೇಕು.

ಹೆಸರು ಬದಲಾದವು

ಕಥೆ ಒಂದೇ ಇದ್ದು ಹೆಸರು ಬದಲಾದದ್ದೂ ಉಂಟು. ಕಾಸರಗೋಡಿನವರೇ ಆದ ಸಾರಾ ಅಬೂಬಕ್ಕರ್ ಅವರ ‘ವಜ್ರಗಳು’ ತೆರೆಗೆ ‘ಸಾರಾ ವಜ್ರ’ ಆಗಿ ಬಂತು. ಮಲಯಾಳದ ‘ಮಣಿಚಿತ್ರತ್ತಾಳ್’ ಕನ್ನಡದಲ್ಲಿ ‘ಆಪ್ತಮಿತ್ರ’ ಆಯಿತು. ಇವಕ್ಕೆ ಎರಡೂ ಕಡೆಯಿಂದ “ಇದನ್ನೂ ನೋಡಿ” ಎಂಬ ಸಾಲು ಇರಲಿ. ಒಂದೇ ಕಡೆ ಬರೆದರೆ ಅರ್ಧ ಜನಕ್ಕೆ ದಾರಿ ಸಿಗುವುದಿಲ್ಲ.

ಮಂಜೇಶ್ವರದವರಿಗೆ ‘ಗಿಳಿವಿಂಡು’ ಎಂದರೆ ಗೋವಿಂದ ಪೈಗಳ ಸ್ಮಾರಕ. ಆ ಹೆಸರು ಬಂದದ್ದು ಅವರ ಕವನ ಸಂಕಲನದಿಂದ. ಕಟ್ಟಡಕ್ಕೆ ಕಾರ್ಡು ಬೇಡ, ಸಂಕಲನದ ಕಾರ್ಡಿನಲ್ಲಿ ಒಂದು ಸಾಲು ಸಾಕು.

ಊರಿನ ನಾಟಕ ತಂಡದವರು “ಈ ಹೆಸರು ಆಗಲೇ ಇದೆ, ನಾವು ಇಡಬಹುದಾ?” ಎಂದು ಪಟ್ಟಿ ನೋಡಲು ಬಂದರೆ: ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಹಿಂದಿ ಸಿನಿಮಾದ ಪ್ರಕರಣದಲ್ಲಿ ಹೇಳಿದೆ. ಕಥೆ, ಮಾತು, ಹಾಡು ಎತ್ತಿಕೊಂಡರೆ ಲೆಕ್ಕ ಬೇರೆ. ಫಿಲ್ಮ್ ಚೇಂಬರಿನಲ್ಲಿ ಟೈಟಲ್ ನೋಂದಾಯಿಸುವುದು ನಿರ್ಮಾಪಕರು ತಮ್ಮೊಳಗೆ ಮಾಡಿಕೊಂಡ ವ್ಯವಸ್ಥೆ, ನಾಟಕದವರಿಗೆ ಅದರ ಹಂಗಿಲ್ಲ.

ಕಾರ್ಡುಗಳನ್ನು ಜೋಡಿಸುವಾಗ ಮೊದಲು ಹೆಸರು, ಆಮೇಲೆ ಭಾಷೆ, ಅದರೊಳಗೆ ವರ್ಷ. ಒಂದೇ ಹೆಸರಿನ ಕಾರ್ಡುಗಳು ಮೂರು ದಾಟಿದರೆ ಅವುಗಳ ಮುಂದೆ ಬಣ್ಣದ ಒಂದು ಕಾರ್ಡು ನಿಲ್ಲಿಸಿ, ಯಾವ ಯಾವುದಿದೆ ಎಂದು ಸಾಲಾಗಿ ಬರೆಯಿರಿ. ‘ಕಾಡು’ವಿನ ಬಣ್ಣದ ಕಾರ್ಡಿನಲ್ಲಿ ಕೆಳಗೆ ಎರಡು ಸಾಲು ಜಾಗ ಬಿಡಿ. ಕಾಡು ಇರುವ ಊರುಗಳಲ್ಲಿ ಆ ಹೆಸರು ಇನ್ನೂ ಬರುತ್ತಲೇ ಇರುತ್ತದೆ.