ನಾಲ್ಕು ಗಂಟೆಯ ಲೋಟದಿಂದ ಶುರು ಮಾಡಿದೆ

ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗುವುದು ನನಗೆ ಎಷ್ಟು ರೂಢಿಯಾಗಿತ್ತು ಅಂದ್ರೆ, ಅದು ಒಂದು ತೊಂದರೆ ಅಂತಲೇ ಅನಿಸುತ್ತಿರಲಿಲ್ಲ. ವಯಸ್ಸಾಯ್ತು ಅಂದುಕೊಂಡೆ. ಕೆಲಸದ ತಲೆಬಿಸಿ ಅಂದುಕೊಂಡೆ. ಮೊಬೈಲ್ ಮೇಲೂ ತಪ್ಪು ಹೊರಿಸಿದೆ. ದಿನಕ್ಕೆ ಮೂರು ಕಾಫಿ, ಎರಡು ಟೀ ಕುಡಿಯುತ್ತಿದ್ದೆ, ಅದರ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಯಾಕಂದ್ರೆ ಕಾಫಿ ಕುಡಿದ ಮೇಲೂ ನನಗೆ ಆಕಳಿಕೆ ಬರುತ್ತಿತ್ತು. ಕೆಫೀನ್ ನನಗೆ ಹತ್ತುವುದೇ ಇಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದೆ.

ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. 240 ಮಿಲಿ ಲೀಟರ್ ಕಾಫಿಯಲ್ಲಿ ಸುಮಾರು 95 ಮಿಲಿಗ್ರಾಂ ಕೆಫೀನ್ ಇರುತ್ತದೆ, ಅಷ್ಟೇ ಟೀಯಲ್ಲಿ ಅದರ ಅರ್ಧದಷ್ಟು. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಪರವಾಗಿಲ್ಲ ಅನ್ನುತ್ತಾರೆ, ಗರ್ಭಿಣಿಯರಿಗೆ 200. ನನ್ನದು ಕೂಡಿಸಿದರೆ 380ರ ಹತ್ತಿರ ಬಂತು. ಅಬ್ಬಾ, ಗೆರೆಯ ಒಳಗೇ ಇದ್ದೀನಿ ಅಂತ ಖುಷಿಯೂ ಆಯ್ತು. ಆದರೆ ನನ್ನ ಸಮಸ್ಯೆ ಇದ್ದದ್ದು ಎಷ್ಟು ಕುಡಿಯುತ್ತೇನೆ ಅನ್ನುವುದರಲ್ಲಲ್ಲ, ಯಾವಾಗ ಕುಡಿಯುತ್ತೇನೆ ಅನ್ನುವುದರಲ್ಲಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ದೇಹಕ್ಕೆ ಸುಮಾರು ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಅಂದ್ರೆ ಸಂಜೆ ನಾಲ್ಕಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಒಂಬತ್ತಕ್ಕೂ ಮೈಯಲ್ಲೇ ಇರುತ್ತದೆ, ಕಾಲು ಭಾಗ ರಾತ್ರಿ ಎರಡಕ್ಕೆ. ಎರಡು ಗಂಟೆ! ನಾನು ಫ್ಯಾನ್ ನೋಡುವ ಹೊತ್ತು.

ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವುದು ಸೇರಿಕೊಳ್ಳುತ್ತಾ ಹೋಗುತ್ತದೆ, ಅದು ತನ್ನ ಜಾಗದಲ್ಲಿ ಕೂತಾಗ ನಮಗೆ ತೂಕಡಿಕೆ. ಕೆಫೀನ್ ಮಾಡುವುದು ಇಷ್ಟೇ, ಆ ಜಾಗಕ್ಕೆ ಮೊದಲೇ ಟವೆಲ್ ಹಾಕಿ ಸೀಟು ಹಿಡಿಯುತ್ತದೆ. ಆಯಾಸ ಹೋಗಿರುವುದಿಲ್ಲ, ಬಾಗಿಲ ಹತ್ತಿರ ನಿಂತು ಕಾಯುತ್ತಿರುತ್ತದೆ.

ಸರಿ, ಬಿಟ್ಟೇ ಬಿಡೋಣ ಅಂತ ಒಂದು ಸೋಮವಾರ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದೆ. ಇದು ನಾನು ಮಾಡಿದ ದೊಡ್ಡ ದಡ್ಡತನ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಕಣತಲೆ ಎರಡೂ ಕಡೆ ಸಿಡಿಯುತ್ತಿತ್ತು, ಯಾರಾದರೂ ಒಳ್ಳೆಯ ಮಾತು ಆಡಿದರೂ ಸಿಟ್ಟು ಬರುತ್ತಿತ್ತು. ಮನೆಯಲ್ಲಿದ್ದ ತಲೆನೋವಿನ ಮಾತ್ರೆ ನುಂಗಿದೆ. ಅರ್ಧ ಗಂಟೆಯಲ್ಲಿ ನೋವು ಮಾಯ. ಪವಾಡ ಅಂದುಕೊಂಡು ಮಾತ್ರೆಯ ಹಾಳೆ ತಿರುಗಿಸಿ ನೋಡಿದರೆ ಪ್ಯಾರಾಸಿಟಮಾಲ್ ಜೊತೆಗೆ ಕೆಫೀನ್ 65 ಮಿಲಿಗ್ರಾಂ! ಬಿಟ್ಟ ಕಾಫಿಯನ್ನೇ ನೀರಿನ ಜೊತೆ ನುಂಗಿ ಕೂತಿದ್ದೆ. ಎಷ್ಟೋ ನೋವಿನ ಮಾತ್ರೆಗಳಲ್ಲಿ ಇದು ಇರುತ್ತದೆ, ಓದಿ ನೋಡಿ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿ ಹಿಡಿದಿರುತ್ತದೆ, ಅದು ತಟ್ಟನೆ ಹೋದಾಗ ಅವು ಹಿಗ್ಗುತ್ತವೆ, ತಲೆನೋವು ಬರುವುದು ಹಾಗೆ. ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನಕ್ಕೆ ಜೋರಾಗಿ, ಒಂಬತ್ತು ದಿನದ ಒಳಗೆ ಇಳಿಯುತ್ತದೆ. ನಾನು ಒಂಬತ್ತು ದಿನ ಎಲ್ಲಿ ಕಾಯಲಿ, ಬುಧವಾರ ಬೆಳಗ್ಗೆಯೇ ಸೋತು ಎರಡು ಲೋಟ ಕಾಫಿ ಕುಡಿದೆ.

ಎರಡನೇ ಸಲ ಬಿಡುವ ಮೊದಲು ಮೂರು ದಿನ ಒಂದು ಕೆಲಸ ಮಾಡಿದೆ. ಪ್ರತಿ ಲೋಟ ಕೈಗೆತ್ತಿಕೊಳ್ಳುವ ಮುಂಚೆ ಚೀಟಿಯಲ್ಲಿ ಒಂದು ಸಾಲು ಬರೆದೆ: ಈಗ ಇದು ಯಾಕೆ ಬೇಕು? ಬೆಳಗಿನದಕ್ಕೆ ಬರೆದದ್ದು, ‘ಕಹಿ, ಹುರಿದ ವಾಸನೆ, ಬಿಸಿ’. ಹನ್ನೊಂದು ಗಂಟೆಯದಕ್ಕೆ, ‘ಕುರ್ಚಿಯಿಂದ ಏಳೋದಕ್ಕೆ ಒಂದು ನೆಪ’. ನಾಲ್ಕು ಗಂಟೆಯದಕ್ಕೆ ಮೂರು ದಿನವೂ ಬರೆದದ್ದು ಒಂದೇ, ‘ಬಾಯಿ ಒಣಗಿದೆ’. ನೋಡಿ, ನೀರು ಕುಡಿದರೆ ಮುಗಿಯುತ್ತಿತ್ತು! ಊಟವಾದ ಮೇಲಿನ ಟೀ ಹೊಟ್ಟೆ ಭಾರಕ್ಕೆ. ಸಂಜೆಯ ಟೀ ಯಾರ ಜೊತೆಗಾದರೂ ಕೂತು ಮಾತಾಡುವುದಕ್ಕೆ. ಐದು ಲೋಟದಲ್ಲಿ ಎಚ್ಚರವಾಗಿರಬೇಕು ಅಂತ ಕುಡಿದದ್ದು ಒಂದೂ ಇಲ್ಲ. ಹಾಗಿದ್ದರೆ ಕಾಫಿಗೆ ಬದಲು ಏನು ಅಂತ ಕೇಳಿದರೆ ಒಂದೇ ಉತ್ತರ ಹೇಗೆ ಸಿಗುತ್ತದೆ? ಐದೂ ಬೇರೆ ಬೇರೆ ಕೆಲಸ ಮಾಡುತ್ತಿದ್ದವಲ್ಲ.

ಕೊನೆಯಿಂದ ಶುರು ಮಾಡಿದೆ. ಮೊದಲ ವಾರ ಸಂಜೆಯ ಟೀ, ನಾಲ್ಕರ ಕಾಫಿ ಎರಡೂ ಹೋದವು. ಎರಡನೇ ವಾರ ಊಟದ ನಂತರದ್ದು, ಆಮೇಲೆ ಹನ್ನೊಂದರದ್ದು. ಬೆಳಗಿನದನ್ನು ಕೊನೆಗೆ ಇಟ್ಟುಕೊಂಡು ದಿನಕ್ಕೆ ಒಂದು ಚಮಚ ಡಿಕಾಕ್ಷನ್ ಕಡಿಮೆ ಮಾಡುತ್ತಾ ಬಂದೆ. ಒಟ್ಟು ನಾಲ್ಕು ವಾರ ಹಿಡಿಯಿತು. ತಲೆನೋವು ಬಂದದ್ದು ಎರಡು ಸಲ, ಅದೂ ಮಾತ್ರೆ ಬೇಕಾಗುವಷ್ಟಲ್ಲ.

ಈಗ ಏನು ಕುಡಿಯುತ್ತೇನೆ ಅಂತ ಹೇಳ್ತೀನಿ. ಬೆಳಗಿನ ಲೋಟ ಎಲ್ಲಕ್ಕಿಂತ ಜಾಸ್ತಿ ಸತಾಯಿಸಿತು, ಅದಕ್ಕೆ ಸಿಕ್ಕ ಉತ್ತರ ಹುರಿದ ಬಾರ್ಲಿ. ಜಪಾನಿನಲ್ಲಿ ಇದನ್ನು ಮುಗಿಚಾ ಅಂತಾರೆ, ಕೊರಿಯಾದಲ್ಲಿ ಬೋರಿಚಾ. ಅವರು ತೆಳ್ಳಗೆ ಮಾಡಿ ನೀರಿನ ಥರ ಕುಡಿಯುತ್ತಾರೆ, ನನಗೆ ಬೇಕಾದದ್ದು ಗಟ್ಟಿ. ಒಂದು ಲೋಟ ಬಾರ್ಲಿ ಕಾಳನ್ನು ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟು ಕೈ ಬಿಡದೆ ಕದಡುತ್ತಿರಬೇಕು. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ, ಕಾಳು ಬೆಚ್ಚಗಾಗಿ ಸುಮ್ಮನೆ ಕೂತಿರುತ್ತದೆ, ಉರಿ ಜೋರು ಮಾಡೋಣ ಅನಿಸುವುದು ಆಗಲೇ. ಮಾಡಬೇಡಿ. ಆಮೇಲೆ ಒಂದೊಂದೇ ಕಾಳು ಚಟಪಟ ಅನ್ನುತ್ತದೆ, ಬಣ್ಣ ಜೇನಿನ ಹಾಗಾಗುತ್ತದೆ, ಹಸಿ ವಾಸನೆ ಹೋಗಿ ರೊಟ್ಟಿ ಸುಟ್ಟ ಘಮ ಬರುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಬರೀ ಗಂಜಿ ರುಚಿ. ಇನ್ನೂ ಹುರಿದು, ಕಾಳು ಕಾಫಿ ಬೀಜದ ಕಂದು ಬಣ್ಣಕ್ಕೆ ತಿರುಗಿ ತೆಳ್ಳನೆಯ ಹೊಗೆ ಏಳುವಾಗ ತಕ್ಷಣ ತಣ್ಣನೆಯ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಮುಂದುವರಿದು ಸೀದು ಹೋಗುತ್ತದೆ. ನನ್ನ ಮೊದಲ ಸಲದ್ದು ಹಾಗೇ ಆಯ್ತು, ಫೋನ್ ಬಂತು ಅಂತ ಈ ಕಡೆ ತಿರುಗಿದೆ, ಆ ಕಡೆ ಇದ್ದಿಲು. ನನ್ನ ಒಲೆಯಲ್ಲಿ ಒಟ್ಟು ಹದಿನೈದು ನಿಮಿಷ ಬೇಕು.

ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ ಡಬ್ಬಿಗೆ ಹಾಕುತ್ತೇನೆ. ಎರಡು ಚಮಚ ಪುಡಿಗೆ ಒಂದೂವರೆ ಲೋಟ ನೀರು, ಏಳೆಂಟು ನಿಮಿಷ ಕುದಿತ, ಸೋಸಿದರೆ ಒಂದು ಲೋಟ. ಬಣ್ಣ ಕಾಫಿಯದೇ, ವಾಸನೆ ಹತ್ತಿರ ಹತ್ತಿರ. ಆದರೆ ಕಹಿ ಸಾಲದು. ಅದಕ್ಕೆ ಅರ್ಧ ಚಮಚ ಚಿಕೋರಿ ಪುಡಿ ಸೇರಿಸಿದೆ ನೋಡಿ, ಆಗ ನಾಲಿಗೆ ಒಪ್ಪಿಕೊಂಡಿತು. ಚಿಕೋರಿ ಅಂದ್ರೆ ಕಾಫಿಗೆ ಬೆರೆಸುವ ಕಲಬೆರಕೆ ಅಂತ ಮೂಗು ಮುರಿಯುವವರಿದ್ದಾರೆ, ನಾನೂ ಆ ಗುಂಪಿನವನೇ ಆಗಿದ್ದೆ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಅದರಲ್ಲಿ ಕೆಫೀನ್ ಸೊನ್ನೆ. ನೆಪೋಲಿಯನ್ 1806ರಲ್ಲಿ ಬ್ರಿಟನ್ ಜೊತೆಗಿನ ವ್ಯಾಪಾರಕ್ಕೆ ತಡೆ ಹಾಕಿ ಯುರೋಪಿಗೆ ಕಾಫಿ ಬರುವುದೇ ಕಷ್ಟವಾದಾಗ ಫ್ರೆಂಚರು ಇದನ್ನೇ ಕುಡಿದು ದಿನ ದೂಡಿದವರು. ನನಗೆ ನಾಲ್ಕು ವಾರ ದೂಡುವುದು ಎಷ್ಟರ ಮಾತು! ಒಂದೇ ಎಚ್ಚರಿಕೆ, ಚಿಕೋರಿಯಲ್ಲಿ ಇನುಲಿನ್ ಅನ್ನುವ ನಾರಿನಂಶ ಇದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಊಟ. ಜಾಸ್ತಿ ಹಾಕಿದರೆ ಅವು ಹಬ್ಬ ಮಾಡುತ್ತವೆ, ಹೊಟ್ಟೆ ಉಬ್ಬರಿಸುವುದು ನಮಗೆ. ಉತ್ಸಾಹದಲ್ಲಿ ಎರಡು ಚಮಚ ಹಾಕಿದ ದಿನ ಮೀಟಿಂಗಿನಲ್ಲಿ ಪಟ್ಟ ಪಾಡು ಬೇಡ ಬಿಡಿ. ಬಾರ್ಲಿಯಲ್ಲಿ ಗ್ಲುಟೆನ್ ಇದೆ, ಅದು ಆಗದವರು ಬರೀ ಚಿಕೋರಿಯಲ್ಲೇ ಇರಲಿ.

ಹಾಲು ಹಾಕಿದ ಟೀಗೆ ಬದಲು ರೂಯಿಬೋಸ್. ದಕ್ಷಿಣ ಆಫ್ರಿಕಾದ ಸೆಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತ ಬೆಳೆಯುವ ಒಂದು ಪೊದೆ ಅದು, ಟೀ ಗಿಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಕೆಫೀನೂ ಇಲ್ಲ. ಮೊದಲ ಸಲ ಪ್ಯಾಕೆಟ್ ಮೇಲೆ ಬರೆದ ಹಾಗೆ ಬಿಸಿ ನೀರಿನಲ್ಲಿ ಮೂರು ನಿಮಿಷ ಅದ್ದಿ ಕುಡಿದೆ, ಬಣ್ಣದ ನೀರು. ಬೇಜಾರಾಗಿ ಡಬ್ಬಿ ಮೂಲೆಗೆ ತಳ್ಳಿದೆ. ಅದನ್ನು ಅದ್ದುವುದಲ್ಲ, ಕುದಿಸಬೇಕು ಅಂತ ಗೊತ್ತಾದದ್ದು ತಿಂಗಳಾದ ಮೇಲೆ. ಟೀ ಸೊಪ್ಪು ಜಾಸ್ತಿ ಕುದಿಸಿದರೆ ಒಗರಾಗುತ್ತದಲ್ವಾ, ಇದರಲ್ಲಿ ಆ ಒಗರಿನ ಟ್ಯಾನಿನ್ ಕಡಿಮೆ, ಹತ್ತು ನಿಮಿಷ ಕುದಿಸಿದರೂ ಮುನಿಸಿಕೊಳ್ಳುವುದಿಲ್ಲ. ಹಸಿಶುಂಠಿ ಜಜ್ಜಿ ಹಾಕಿ, ಒಂದು ಏಲಕ್ಕಿ ಹಾಕಿ, ಚೆನ್ನಾಗಿ ಕುದಿಸಿ ಹಾಲು ಬೆರೆಸಿದರೆ ಸಂಜೆ ಮಾತಿಗೆ ಕೂತಾಗ ಇದು ಟೀ ಅಲ್ಲ ಅಂತ ಎದುರಿಗಿದ್ದವರಿಗೆ ಹೇಳಿದರಷ್ಟೇ ಗೊತ್ತಾಗುತ್ತದೆ. ಹಾಲಿಗೆ ಮೊದಲು ಶುಂಠಿ ಹಾಕಿ ಕುದಿಸಬೇಡಿ, ಒಡೆದು ಹೋಗುತ್ತದೆ. ಶುಂಠಿ ನೀರಿನಲ್ಲಿ ಪೂರ್ತಿ ಕುದಿಯಲಿ, ಹಾಲು ಕೊನೆಗೆ.

ಊಟದ ನಂತರಕ್ಕೆ ಕೊತ್ತಂಬರಿ ಬೀಜ, ಜೀರಿಗೆ, ಒಣಶುಂಠಿಯ ಕಷಾಯ. ನಾಲ್ಕು ಪಾಲು ಕೊತ್ತಂಬರಿ, ಒಂದು ಪಾಲು ಜೀರಿಗೆ ಬೆಚ್ಚಗೆ ಹುರಿದು ಚೂರು ಒಣಶುಂಠಿ ಜೊತೆ ಪುಡಿ ಮಾಡಿದ್ದು. ಹನ್ನೊಂದು ಗಂಟೆಗೆ ಬೇಕಿದ್ದದ್ದು ಎದ್ದು ಹೋಗುವ ನೆಪ ತಾನೆ, ಬಿಸಿ ನೀರಿಗೆ ನಾಲ್ಕು ಪುದೀನ ಎಲೆ ಅಥವಾ ನಿಂಬೆ ಹುಲ್ಲು ಸಾಕು. ಎದೆಯುರಿ ಇರುವವರಿಗೆ ಪುದೀನ ಆಗಿಬರುವುದಿಲ್ಲ, ಅದು ಹೊಟ್ಟೆಯ ಬಾಯಿ ಬಿಗಿ ಹಿಡಿಯುವ ಸ್ನಾಯುವನ್ನೇ ಸಡಿಲ ಮಾಡುತ್ತದೆ. ನಾಲ್ಕು ಗಂಟೆಗೆ ಕೆಂಪು ಪುಂಡಿಯ ಒಣ ದಳ ನೆನೆಹಾಕಿ ತಣ್ಣಗೆ ಮಾಡಿದ ನೀರು. ಹುಳಿ, ಚೆಂದದ ಬಣ್ಣ, ಬಾಯಾರಿಕೆಗೆ ಹೇಳಿ ಮಾಡಿಸಿದ್ದು. ಇದು ರಕ್ತದೊತ್ತಡ ಸ್ವಲ್ಪ ಇಳಿಸುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮುಂಚೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ನಾನು ಎಡವಿದ ಜಾಗಗಳನ್ನೂ ಹೇಳಬೇಕು. ಗ್ರೀನ್ ಟೀ ಅಂದ್ರೆ ಆರೋಗ್ಯ, ಆರೋಗ್ಯ ಅಂದ್ರೆ ಕೆಫೀನ್ ಇಲ್ಲ ಅಂತ ನನ್ನ ತಲೆಯಲ್ಲಿ ಹೇಗೋ ಕೂತುಬಿಟ್ಟಿತ್ತು. ಅದೂ ಟೀ ಗಿಡದ ಎಲೆಯೇ, ಕೆಫೀನ್ ಇದ್ದೇ ಇದೆ, ರಾತ್ರಿ ಊಟದ ಮೇಲೆ ಒಂದು ವಾರ ಕುಡಿದೆ. ‘ಹರ್ಬಲ್’ ಅಂತ ದೊಡ್ಡದಾಗಿ ಬರೆದ ಒಂದು ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಟೀ ಪುಡಿ ಅಂತಲೂ ಇತ್ತು. ಯೆರ್ಬಾ ಮಾತೆ, ಗುವಾರಾನಾ ಅನ್ನುವ ದಕ್ಷಿಣ ಅಮೆರಿಕದ ಗಿಡಗಳ ಹೆಸರು ಕಂಡರೂ ಅಷ್ಟೇ, ಗಿಡಮೂಲಿಕೆ ಹೌದು, ಕೆಫೀನೂ ಹೌದು. ಡಿಕಾಫ್, ಅಂದ್ರೆ ಕೆಫೀನ್ ತೆಗೆದ ಕಾಫಿಯಲ್ಲೂ ಚೂರು ಉಳಿದಿರುತ್ತದೆ, ಆದರೆ ಎಲ್ಲೋ ಕೆಲವು ಮಿಲಿಗ್ರಾಂ, ರುಚಿಗೆ ಅದೇ ಬೇಕು ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ.

ಸಿಹಿಗೆ ಅತಿಮಧುರ ಹಾಕಿ ನೋಡಿದೆ, ಸಕ್ಕರೆ ಬೇಡವಾಗುವಷ್ಟು ಸಿಹಿ, ದಿನಕ್ಕೆರಡು ಲೋಟ ಶುರುವಾಯ್ತು. ಆಮೇಲೆ ತಿಳಿಯಿತು, ಅದು ಜಾಸ್ತಿಯಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅಲ್ಲಿಗೆ ಬಿಟ್ಟೆ. ಬೇರು, ಸೊಪ್ಪು, ಬೀಜ ಅಂದಮೇಲೆ ಏನೂ ಆಗಲ್ಲ ಅನ್ನುವ ಧೈರ್ಯ ನನಗೆ ಈಗಿಲ್ಲ. ಇನ್ನು ಸಕ್ಕರೆ, ಕಾಫಿ ಬಿಟ್ಟ ದುಃಖಕ್ಕೆ ಮೊದಲ ವಾರ ಬಾರ್ಲಿಗೆ ಎರಡು ಚಮಚ ಸುರಿಯುತ್ತಿದ್ದೆ, ಆ ಲೆಕ್ಕದಲ್ಲಿ ಕಾಫಿಯೇ ವಾಸಿ ಇತ್ತು.

ನಿದ್ದೆ ಏನಾಯ್ತು ಅಂತ ಕೇಳುತ್ತೀರಿ. ಮೊದಲ ವಾರ ಏನೂ ವ್ಯತ್ಯಾಸವಿಲ್ಲ, ಸುಳ್ಳು ಹೇಳಲ್ಲ. ಮೂರನೇ ವಾರದಲ್ಲಿ ಒಂದು ಬೆಳಗ್ಗೆ ಅಲಾರಂ ಹೊಡೆದುಕೊಂಡಾಗ ಗಾಬರಿಯಾಯಿತು, ಯಾಕಂದ್ರೆ ಅಲಾರಂ ಸದ್ದು ಕೇಳಿ ಏಳುವುದೇ ಮರೆತುಹೋಗಿತ್ತು, ಅದಕ್ಕೆ ಮುಂಚೆಯೇ ಎದ್ದು ಕೂತಿರುತ್ತಿದ್ದೆನಲ್ಲ. ಎಲ್ಲ ರಾತ್ರಿಯೂ ಹಾಗಿಲ್ಲ. ತಲೆಬಿಸಿ ಇದ್ದ ದಿನ ಈಗಲೂ ಫ್ಯಾನ್ ದರ್ಶನ ಇದ್ದದ್ದೇ.

ಮೊನ್ನೆ ಒಬ್ಬರ ಮನೆಗೆ ಹೋಗಿದ್ದೆ, ಕೇಳುವ ಮೊದಲೇ ಕಾಫಿ ತಂದು ಕೈಗಿಟ್ಟರು. ಬೇಡ ಅನ್ನಲು ಮನಸ್ಸು ಬರಲಿಲ್ಲ, ವಾಸನೆಯೂ ಎಳೆಯಿತು, ಕುಡಿದೆ. ಮುಕ್ಕಾಲು ಗಂಟೆಯಲ್ಲಿ ಎದೆ ಢವಢವ, ಮಾತು ಜೋರು, ಪೆನ್ನು ಹಿಡಿದರೆ ಬೆರಳು ಸಣ್ಣಗೆ ನಡುಗುತ್ತಿತ್ತು. ನನಗೆ ಕೆಫೀನ್ ಹತ್ತುವುದೇ ಇಲ್ಲ ಅಂತ ಆ ಮನೆಯವರ ಹತ್ತಿರವೂ ಹಿಂದೆ ಜಂಬ ಕೊಚ್ಚಿದ್ದೆ. ಅವರು ಮರೆತಿರಲಿಲ್ಲ.