ಹಳೆಯ ಹೆಂಚಿನ ಮನೆಯ ವೈರಿಂಗ್: ಕೆಲಸ ಎಲ್ಲಿಂದ ಆರಂಭಿಸಬೇಕು?

ಮಲೆನಾಡು ಮತ್ತು ಕರಾವಳಿಯ ಹಳೆಯ ಹೆಂಚಿನ ಮನೆಗಳಲ್ಲಿ ಗೋಡೆಗೆ ಮರದ ಪಟ್ಟಿ ಹೊಡೆದು, ಅದರ ಮೇಲೆ ತಗಡಿನ ಕ್ಲಿಪ್ಪುಗಳಿಂದ ತಂತಿ ಬಿಗಿದ ವೈರಿಂಗ್, ದುಂಡನೆಯ ಕರಿಯ ಸ್ವಿಚ್ಚುಗಳು ಮತ್ತು ಪಿಂಗಾಣಿಯ ಫ್ಯೂಸುಗಳು ಇಂದಿಗೂ ಕಾಣಸಿಗುತ್ತವೆ. ಅವನ್ನು ಹಾಕಿದ ಕಾಲದಲ್ಲಿ ಮನೆಗೆ ಬೇಕಾಗಿದ್ದುದು ಏಳೆಂಟು ಬಲ್ಬು, ಒಂದೆರಡು ಫ್ಯಾನು ಮತ್ತು ಒಂದು ರೇಡಿಯೊ. ಈಗ ಅದೇ ತಂತಿಗಳು ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್‌ಗಳ ಭಾರವನ್ನೂ ಹೊರುತ್ತಿವೆ. 2000 ವ್ಯಾಟಿನ ಗೀಸರ್ ಒಂದೇ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಇಂಥ ಮನೆಯನ್ನು ಸುಧಾರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬದಲಾಯಿಸುವುದು ಕಣ್ಣಿಗೆ ಕಾಣುವ ಸ್ವಿಚ್‌ಬೋರ್ಡುಗಳನ್ನು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಕೆಲಸ. ಮೊದಲು ನೋಡಬೇಕಾದದ್ದು ಅರ್ತಿಂಗ್, ಅಂದರೆ ಉಪಕರಣದಿಂದ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು.

ಎಷ್ಟೋ ಹಳೆಯ ಮನೆಗಳಲ್ಲಿ ಅರ್ತಿಂಗ್‌ಗೆ ಪ್ರತ್ಯೇಕ ಗುಂಡಿಯೇ ಇರಲಿಲ್ಲ. ನೀರಿನ ಕಬ್ಬಿಣದ ಪೈಪಿಗೆ ಒಂದು ತಂತಿ ಸುತ್ತಿ ಬಿಟ್ಟಿರುತ್ತಿದ್ದರು. ಪೈಪು ನೆಲದೊಳಗೆ ಹೋಗುತ್ತಿದ್ದುದರಿಂದ ಅದು ಹೇಗೋ ನಡೆಯುತ್ತಿತ್ತು. ಮುಂದೆ ಪೈಪು ತುಕ್ಕು ಹಿಡಿದು ಪಿವಿಸಿ ಹಾಕಿಸಿದಾಗ ಪ್ಲಂಬರ್ ತನ್ನ ಕೆಲಸ ಮುಗಿಸಿ ಹೋದ. ಮನೆಯ ಅರ್ತಿಂಗ್ ಹೋಯಿತೆಂಬುದು ಯಾರ ಗಮನಕ್ಕೂ ಬರಲಿಲ್ಲ. ನಮ್ಮ ಮನೆಯಲ್ಲೇ ಹೀಗಾಗಿತ್ತು. ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅಮ್ಮ ಹೇಳುತ್ತಿದ್ದುದನ್ನು ನಾವು ತಿಂಗಳುಗಟ್ಟಲೆ ಹಗುರವಾಗಿ ತೆಗೆದುಕೊಂಡಿದ್ದೆವು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂರು ಪಿನ್ನಿನ ಸಾಕೆಟ್ ಹಾಕುವಾಗ ಅರ್ತ್ ತಂತಿ ಸಿಗದಿದ್ದರೆ ಕೆಲವರು ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೇ (ಕರೆಂಟು ಮರಳಿ ಹೋಗುವ ತಂತಿಗೆ) ಸೇರಿಸಿಬಿಡುತ್ತಾರೆ. ಪರೀಕ್ಷಿಸುವ ಬಲ್ಬು ಉರಿಯುತ್ತದೆ, ಮನೆಯವರಿಗೂ ಸಮಾಧಾನವಾಗುತ್ತದೆ. ಆದರೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಆ ಸಾಕೆಟ್ಟಿಗೆ ಸಿಕ್ಕಿಸಿದ ಫ್ರಿಜ್ಜಿನ ಮೈಗೆ ನೇರವಾಗಿ ಫೇಸ್ (ಕರೆಂಟು ತರುವ ತಂತಿಯ ವಿದ್ಯುತ್) ಬರುತ್ತದೆ. ಆದ್ದರಿಂದ ಪ್ರತಿಯೊಂದು ಸಾಕೆಟ್ಟನ್ನೂ ಬಿಚ್ಚಿಸಿ, ಹಸಿರು ತಂತಿ ನಿಜವಾಗಿಯೂ ಎಲ್ಲಿಗೆ ಹೋಗುತ್ತದೆ ಎಂದು ನೋಡಿಸಬೇಕು.

ಹೊಸ ಗುಂಡಿಯನ್ನು ಮನೆಯ ಗೋಡೆಯಿಂದ ತುಸು ದೂರದಲ್ಲಿ, ಸದಾ ತೇವ ಇರುವ ಜಾಗದಲ್ಲಿ ತೋಡಿಸಬೇಕು. ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪಿನ ಪದರ ತುಂಬುವುದು ಹಳೆಯ ಕ್ರಮ. ಈಗ ಉಪ್ಪಿನ ಬದಲು ಸಿದ್ಧ ಪುಡಿಯೂ ಸಿಗುತ್ತದೆ. ಇದ್ದಿಲು ಉಪ್ಪಿನ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯದಿದ್ದರೆ ಅದು ಹೆಸರಿಗೆ ಮಾತ್ರ ಅರ್ತಿಂಗ್ ಆಗಿರುತ್ತದೆ. ಕೆಲಸ ಮುಗಿದ ಮೇಲೆ ಅರ್ತಿಂಗ್‌ನ ರೋಧವನ್ನು ಅದಕ್ಕೆಂದೇ ಇರುವ ಮೀಟರಿನಿಂದ ಅಳೆಸಿ ನೋಡಿ. ಮನೆಗೆ 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು.

ಎರಡನೆಯ ಕೆಲಸ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು. ಎಂಸಿಬಿ (ಮಿತಿಮೀರಿ ಕರೆಂಟು ಹರಿದರೆ ಕಡಿಯುವ, ಫ್ಯೂಸಿನ ಬದಲಿನ ಸ್ವಿಚ್ಚು) ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಆರ್‌ಸಿಸಿಬಿ ಹೋದ ಕರೆಂಟು ಮತ್ತು ಮರಳಿ ಬಂದ ಕರೆಂಟನ್ನು ಹೋಲಿಸಿ, 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡೊಡನೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ಕರೆಂಟು ನೆಲಕ್ಕೆ ಸ್ವಲ್ಪವೂ ಸೋರದಿದ್ದರೆ ಅದಕ್ಕೆ ಏನೂ ತಿಳಿಯುವುದಿಲ್ಲ ಎಂಬುದನ್ನು ನೆನಪಿಡಬೇಕು. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಕರೆಂಟು ಇರುವಾಗ ತಿಂಗಳಿಗೊಮ್ಮೆ ಒತ್ತಿ ನೋಡಿ.

ಹಳೆಯ ಮನೆಗೆ ಆರ್‌ಸಿಸಿಬಿ ಹಾಕಿದ ಮರುದಿನದಿಂದಲೇ ಅದು ಬೀಳತೊಡಗುವುದು, ಅಂದರೆ ತಾನಾಗಿ ಆಫ್ ಆಗತೊಡಗುವುದು, ಸಾಮಾನ್ಯ. ಬೇಸತ್ತು ಅದನ್ನು ತೆಗೆಸಿ ನೇರ ಸಂಪರ್ಕ ಕೊಡಿಸುವವರನ್ನು ಕಂಡಿದ್ದೇನೆ. ಆದರೆ ಅದು ಬೀಳುವುದು ಹಳೆಯ ದೋಷವೊಂದನ್ನು ಹುಡುಕಿ ಕೊಟ್ಟಂತೆ: ಮೇಲೆ ಹೇಳಿದ ನ್ಯೂಟ್ರಲ್ ಅರ್ತ್ ಜೋಡಣೆ ಇರಬಹುದು, ಮಳೆಗಾಲದಲ್ಲಿ ನೆನೆದ ಗೋಡೆಯೊಳಗಿನ ತಂತಿ ಇರಬಹುದು, ಅಟ್ಟದಲ್ಲಿ ಇಲಿ ಕಡಿದ ಜಾಗ ಇರಬಹುದು, ಇಲ್ಲವೇ ಯುಪಿಎಸ್ ಕೂರಿಸಿದವರು ಅದರ ನ್ಯೂಟ್ರಲ್ಲನ್ನು ಬೇರೆ ಲೈನಿನ ನ್ಯೂಟ್ರಲ್‌ಗೆ ಸೇರಿಸಿರಬಹುದು. ಎಲ್ಲ ಎಂಸಿಬಿ ಇಳಿಸಿ ಒಂದೊಂದಾಗಿ ಏರಿಸಿದರೆ ಯಾವ ಲೈನು ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಎಂಸಿಬಿ ಕಡಿಯುವುದು ಫೇಸನ್ನು ಮಾತ್ರವಾದ್ದರಿಂದ, ಎಲ್ಲ ಇಳಿಸಿದ ಮೇಲೂ ಬೀಳುತ್ತಿದ್ದರೆ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ.

ಇನ್ನು ತಂತಿಗಳು. ತೀರಾ ಹಳೆಯ ರಬ್ಬರ್ ಹೊದಿಕೆಯ ತಂತಿಯನ್ನು ಬಗ್ಗಿಸಿದರೆ ಹೊದಿಕೆ ಪುಡಿಯಾಗಿ ಉದುರುತ್ತದೆ. ಅದನ್ನು ದುರಸ್ತಿ ಮಾಡುವ ಮಾತೇ ಇಲ್ಲ, ಪೂರ್ತಿ ತೆಗೆಸಬೇಕು. ಅಲ್ಯೂಮಿನಿಯಂ ತಂತಿ ಸ್ಕ್ರೂ ಕೆಳಗೆ ಕ್ರಮೇಣ ಸಡಿಲಗೊಂಡು ಕಾಯುತ್ತದೆ. ಅದಕ್ಕೆ ತಾಮ್ರದ ತಂತಿಯನ್ನು ತಿರುಚಿ ಜೋಡಿಸಿದ್ದರಂತೂ ಇನ್ನೂ ಬೇಗ ಹಾಳಾಗುತ್ತದೆ. ಉಳಿದ ತಂತಿಗಳನ್ನು ಮೆಗ್ಗರ್‌ನಿಂದ (ಹೊದಿಕೆಯ ರೋಧ ಅಳೆಯುವ ಉಪಕರಣ) ಪರೀಕ್ಷಿಸಿ, 1 ಮೆಗಾಓಮ್‌ಗಿಂತ ಕಡಿಮೆ ಬಂದ ಲೈನನ್ನು ಬದಲಾಯಿಸಿ. ಹೊಸದಾಗಿ ಎಳೆಯುವಾಗ ದೀಪ ಮತ್ತು ಫ್ಯಾನಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರ್ ಮತ್ತು ಏಸಿಗೆ ಪ್ರತ್ಯೇಕವಾಗಿ 4 ಎಂಬುದು ರೂಢಿಯ ಲೆಕ್ಕ. ಅವುಗಳ ಎಂಸಿಬಿ ಕ್ರಮವಾಗಿ 6 ಅಥವಾ 10, 16 ಮತ್ತು 20 ಆಂಪಿಯರ್ ಇರಲಿ. ಪದೇ ಪದೇ ಬೀಳುತ್ತದೆಂದು ಹಳೆಯ ತೆಳು ತಂತಿಗೆ 32 ಆಂಪಿಯರ್ ಎಂಸಿಬಿ ಹಾಕುವುದೂ, ಹಿಂದೆ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದುದೂ ಒಂದೇ. ಮರದ ತೊಲೆ, ರೀಪುಗಳ ಮಾಡಿನ ಕೆಳಗೆ ತಂತಿ ಕಾದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಹಳೆಯ ಮೈನ್ ಸ್ವಿಚ್ಚಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡಕ್ಕೂ ಫ್ಯೂಸ್ ಇರುವುದುಂಟು. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪವೆಲ್ಲ ಆರುತ್ತದೆ, ಆದರೆ ಹೋಲ್ಡರಿನವರೆಗೂ ಫೇಸ್ ಹಾಗೆಯೇ ಇರುತ್ತದೆ. ಕರೆಂಟು ಹೋಗಿದೆ ಎಂದು ಬಲ್ಬು ಬಿಚ್ಚಲು ಹೊರಟವರಿಗೆ ಇದು ಪ್ರಾಣಾಪಾಯ. ನ್ಯೂಟ್ರಲ್ ಫ್ಯೂಸನ್ನು ತೆಗೆಸಿ ಅಲ್ಲಿ ಗಟ್ಟಿಯಾದ ಜೋಡಣೆ ಮಾಡಿಸಿ, ಇಲ್ಲವೇ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿಸಿ.

ಈ ಕೆಲಸವನ್ನೆಲ್ಲ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಮೀಟರಿನ ಸೀಲು ಮುಟ್ಟುವ ಅಧಿಕಾರ ವಿದ್ಯುತ್ ಕಂಪನಿಯವರಿಗೆ ಮಾತ್ರ ಇದೆ. ಗೀಸರ್, ಏಸಿ ಸೇರಿಸಿದ ಮೇಲೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಸಾಕಾಗುತ್ತದೆಯೇ ಎಂದು ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ. ಯುಪಿಎಸ್ ಇರುವ ಮನೆಯಲ್ಲಿ ಮೈನ್ ಇಳಿಸಿದ ಮೇಲೂ ಕೆಲವು ಲೈನುಗಳಲ್ಲಿ ಕರೆಂಟು ಇರುತ್ತದೆ ಎಂಬುದನ್ನು ಕೆಲಸಕ್ಕೆ ಬಂದವರಿಗೆ ಮೊದಲೇ ಹೇಳಿ. ಯಾವ ಎಂಸಿಬಿ ಯಾವ ಕೋಣೆಯದು, ಯುಪಿಎಸ್ ಲೈನು ಯಾವುದು ಎಂಬುದನ್ನು ಕನ್ನಡದಲ್ಲಿ ಬರೆದು ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆಯ) ಬಾಗಿಲಿನ ಒಳಬದಿಗೆ ಅಂಟಿಸಿಡಿ. ಗೋಡೆ ಕೊರೆದು ಪೈಪು ಹಾಕಿಸಿದ್ದರೆ ಗಾರೆ ಮೆತ್ತುವ ಮೊದಲು ಪ್ರತಿ ಗೋಡೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಅದು ಬೇಕಾಗುತ್ತದೆ.