ಏಳು ವಾಟಿನ ಹರಟೆ

ದಾವಣಗೆರೆಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಚನ್ನಗಿರಿ ಕಡೆಯ ಅಡಿಕೆ ತೋಟಗಳಿಂದಲೂ ಜಗಳೂರು ಕಡೆಯ ಆಳದ ಕೊಳವೆಬಾವಿಗಳಿಂದಲೂ ಸುಟ್ಟುಬರುವ ಮೋಟಾರುಗಳನ್ನು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸದನ್ನು ಸುತ್ತಿಕೊಡುವುದು 22 ವರ್ಷಗಳಿಂದ ನಡೆದುಬಂದ ಕಸುಬು. ಅಂಗಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಅದಕ್ಕೆ ಮೊದಲು, ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಮಹಡಿಯ ಮೇಲಿನ ತಗಡಿನ ಕೋಣೆಯಲ್ಲಿ ಕುಳಿತು ಹ್ಯಾಮ್ ರೇಡಿಯೋದಲ್ಲಿ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು (ಅವರೇ ಹ್ಯಾಮ್‌ಗಳು) ಒಬ್ಬರಿಗೊಬ್ಬರು ಮಾತನಾಡಿಕೊಳ್ಳುವ ರೇಡಿಯೋದಲ್ಲಿ, ಮಾತನಾಡುತ್ತೇನೆ.

ಏನು ಮಾತನಾಡುತ್ತೀರಿ ಎಂದು ಕೇಳುವವರಿಗೆ ನನ್ನ ಉತ್ತರ ಸಪ್ಪೆ ಎನಿಸುವುದುಂಟು. ಅವರ ಕೆಲಸ, ನನ್ನ ಕೆಲಸ, ಮಕ್ಕಳ ಓದು, ಮಳೆ, ತೋಟ, ಮಂಡಿನೋವು, ಇಷ್ಟೇ. 2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಹ್ಯಾಮ್‌ಗಳು ಅಲ್ಲಿಂದ ಸುದ್ದಿ ಮುಟ್ಟಿಸಿದ್ದನ್ನು ಓದಿದವರು, ನಾವು ದಿನವೂ ಅಂಥದೇ ಕೆಲಸದಲ್ಲಿರುತ್ತೇವೆ ಎಂದುಕೊಂಡಿರುತ್ತಾರೆ. ಅಂಥ ದಿನ ಬಹುಪಾಲು ಹ್ಯಾಮ್‌ಗಳ ಆಯುಷ್ಯದಲ್ಲಿ ಬರುವುದೇ ಇಲ್ಲ. ಉಳಿದದ್ದೆಲ್ಲ ಹರಟೆ, ಮತ್ತು ಆ ಹರಟೆಯನ್ನು ಕಲಿಯಲು ನನಗೆ ಪರೀಕ್ಷೆ ಪಾಸು ಮಾಡುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಪರೀಕ್ಷೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರ ನಡೆಸುವ ಈ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ಪಾಸಾದವರಿಗೆ ಪರವಾನಗಿಯೂ ಒಂದು ಕಾಲ್‌ಸೈನೂ, ಅಂದರೆ ರೇಡಿಯೋದಲ್ಲಿ ಅವರನ್ನು ಗುರುತಿಸುವ ಸಂಕೇತವೂ, ಸಿಗುತ್ತವೆ. ಆರಂಭದ ದರ್ಜೆಯವರದು ವಿಯು3 ಎಂದು, ಮೋರ್ಸ್ ಸಂಕೇತವನ್ನೂ ಕಲಿತು ಮೇಲಿನ ದರ್ಜೆಗೆ ಹೋದವರದು ವಿಯು2 ಎಂದು ಶುರುವಾಗುತ್ತದೆ. ನನ್ನದು ಈಗಲೂ ವಿಯು3. ಯಂತ್ರ ಬಿಟ್‌ಎಕ್ಸ್ 40, ಅಂದರೆ ಹೈದರಾಬಾದಿನ ಅಶರ್ ಫರ್ಹಾನ್ ಅವರು ರೂಪಿಸಿದ, ನಾವೇ ಜೋಡಿಸಿಕೊಳ್ಳಬೇಕಾದ ಸರಳ ಯಂತ್ರ. ಹೊರಡಿಸುವ ಶಕ್ತಿ ಸುಮಾರು 7 ವಾಟ್, ನಮ್ಮ ಮನೆಯ ಬಚ್ಚಲಿನ ಎಲ್‌ಇಡಿ ಬಲ್ಬಿನಷ್ಟು. ಅದರ ಕಾಯಿಲುಗಳನ್ನು ಕೈಯಿಂದ ಸುತ್ತುತ್ತಿದ್ದುದು ಮಹಿಳೆಯರ ಒಂದು ತಂಡ. ಪೆಟ್ಟಿಗೆ ತೆರೆದ ದಿನ ನಾನು ಮೊದಲು ನೋಡಿದ್ದು ಆ ಕಾಯಿಲುಗಳನ್ನೇ. ಉಂಗುರದಂಥ ಪುಟ್ಟ ಕೋರಿನ ಮೇಲೆ ಸುತ್ತಿಗೆ ಸುತ್ತು ಒತ್ತಿ ಕುಳಿತಿತ್ತು. ಒಂದು ಎಳೆಯೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಅಂಥ ಸುತ್ತು ಹಾಕುವ ಹುಡುಗ ನನ್ನ ಅಂಗಡಿಗೆ ಇನ್ನೂ ಸಿಕ್ಕಿಲ್ಲ.

7 ವಾಟಿನವನಿಗೆ ಗಟ್ಟಿಯಾಗಿ ಕೂಗುವ ಯೋಗವಿಲ್ಲ, ಕಾಯುವುದೇ ಅವನ ಪಾಡು. ನಾನಿರುವುದು 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿನಲ್ಲಿ. ನಸುಕಿನಲ್ಲಿ ಅಲ್ಲಿ ದೂರದ ಕೊಲಂಬೊ, ಚೆನ್ನೈ ಸ್ಪಷ್ಟವಾಗಿ ಕೇಳಿಸುತ್ತವೆ, ಹತ್ತಿರದ ಅರಸೀಕೆರೆ ಕೇಳಿಸುವುದಿಲ್ಲ; ಬಿಸಿಲೇರಿ, ರೇಡಿಯೋ ಅಲೆಗಳನ್ನು ನೆಲಕ್ಕೆ ಹಿಂದಿರುಗಿಸುವ ಮೇಲಿನ ಗಾಳಿಯ ಪದರವಾದ ಅಯಾನುಗೋಳ ಗಟ್ಟಿಯಾದ ಮೇಲಷ್ಟೇ ಹತ್ತಿರದವರ ದನಿ ನೆತ್ತಿಯ ಮೇಲಿನಿಂದ ಇಳಿದುಬರುತ್ತದೆ. ಹಾಗಾಗಿ ಮೊದಲ ಮುಕ್ಕಾಲು ಗಂಟೆ ಕೇಳಿಸಿಕೊಳ್ಳುವುದೇ ಕೆಲಸ.

ಮೊದಲ ವರ್ಷ ನನ್ನ ಮಾತುಕತೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ನಿಮ್ಮ ಸಿಗ್ನಲ್ ಐದು-ಒಂಬತ್ತು, ಎಂದರೆ ಸ್ಪಷ್ಟವಾಗಿಯೂ ಜೋರಾಗಿಯೂ ಇದೆ, ನನ್ನ ಹೆಸರು ಇಂಥದು, ಊರು ದಾವಣಗೆರೆ, ಯಂತ್ರ ಇಂಥದು, ಹವೆ ಮೋಡ, ಸೆವೆಂಟಿ ತ್ರೀ, ಎಂದರೆ ನಮ್ಮವರ ಭಾಷೆಯಲ್ಲಿ ನಮಸ್ಕಾರ, ಅಲ್ಲಿಗೆ ಮುಗಿಯಿತು. ದಾವಣಗೆರೆ ಎಂದ ಕೂಡಲೇ ಆ ಕಡೆಯವರು ಬೆಣ್ಣೆ ದೋಸೆ ಎನ್ನುವರು, ನಾನು ಹೌದು ಎನ್ನುವೆ. ಒಂದೇ ವಾರದಲ್ಲಿ ಹನ್ನೊಂದು ಜನ ಬೆಣ್ಣೆ ದೋಸೆ ಎಂದದ್ದನ್ನು ಎಣಿಸಿದ್ದೇನೆ. ನಿಜ ಹೇಳಬೇಕೆಂದರೆ ಬೇಸರವಾಗುತ್ತಿತ್ತು. ನೂರಾರು ಜನರೊಂದಿಗೆ ಮಾತನಾಡಿದ್ದೆ, ಒಬ್ಬರನ್ನೂ ಬಲ್ಲವನಾಗಿರಲಿಲ್ಲ.

ಇದು ಬದಲಾದದ್ದು ಒಂದು ತಪ್ಪಿನಿಂದ. ಹೊಸದುರ್ಗದ ಬಳಿಯ ಹಳ್ಳಿಯೊಂದರಲ್ಲಿ ತೆಂಗಿನ ತೋಟ ಮಾಡಿಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೆರಡು ಸಲ ಸಿಗುತ್ತಿದ್ದರು. ಒಂದು ಬೆಳಿಗ್ಗೆ, ಹೇಳಲು ಬೇರೇನೂ ತೋಚದೆ, “ಮನೆಯಲ್ಲಿ ಎಲ್ಲಾ ಆರಾಮಾ ಮೇಷ್ಟ್ರೇ? ನಿಮ್ಮ ತಾಯಿಯವರು ಹೇಗಿದ್ದಾರೆ?” ಎಂದು ಕೇಳಿ ಮೈಕಿನ ಗುಂಡಿ ಬಿಟ್ಟೆ. ಆ ಕಡೆಯಿಂದ ಬರಿಯ ಗೊರಗೊರ ಸದ್ದು. ಆಮೇಲೆ ದನಿ ಬಂತು: “ಅವ್ವ ಹೋಗಿ ಒಂದೂವರೆ ತಿಂಗಳಾಯ್ತಲ್ಲಪ್ಪಾ. ಅವತ್ತೇ ನಿಂಗೆ ಹೇಳಿದ್ನಲ್ಲ.” ಹೇಳಿದ್ದರು. ಲಾಗ್ ಪುಸ್ತಕ ತೆಗೆದು ನೋಡಿದರೆ ಆ ದಿನದ ಸಾಲು ನನ್ನ ಕೈಬರಹದಲ್ಲೇ ಇತ್ತು: ದಿನಾಂಕ, ಸಮಯ, ಫ್ರೀಕ್ವೆನ್ಸಿ, ಕಾಲ್‌ಸೈನ್, ಐದು-ಒಂಬತ್ತು. ಅಂದು ಅವರ ದನಿ ಬಹಳ ಸ್ಪಷ್ಟವಾಗಿತ್ತು ಎಂದು ನಾನು ಬರೆದುಕೊಂಡಿದ್ದೆ, ದನಿ ಹೇಳಿದ್ದೇನು ಎಂಬುದನ್ನು ಬರೆದಿರಲಿಲ್ಲ. ಅವರು ಮಾತನಾಡುವಾಗ ನಾನು ಮುಂದಿನ ಸರದಿಯಲ್ಲಿ ಏನು ಹೇಳಲಿ ಎಂದು ಲೆಕ್ಕ ಹಾಕುತ್ತಿದ್ದೆನಲ್ಲದೆ ಕಿವಿಗೊಟ್ಟಿರಲಿಲ್ಲ.

ಅಂದು ಸಂಜೆ ಮಂಡಿಪೇಟೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಲಾಗ್ ಪುಸ್ತಕ ನಿಯಮಕ್ಕಾಗಿ, ಇದು ನನಗಾಗಿ. ಒಬ್ಬೊಬ್ಬರಿಗೆ ಒಂದೊಂದು ಪುಟ. ಅರಸೀಕೆರೆಯ ಹಿರಿಯರೊಬ್ಬರ ಪುಟದಲ್ಲಿ ಹೀಗಿದೆ: “ರೈಲ್ವೆ ಸಿಗ್ನಲ್ ವಿಭಾಗದಿಂದ ನಿವೃತ್ತಿ. ಹಳೆಯ ಗೋಡೆ ಗಡಿಯಾರ ರಿಪೇರಿಯ ಹುಚ್ಚು. ಮೊಮ್ಮಗಳು ಎರಡನೇ ಪಿಯು, ಲೆಕ್ಕ ಕಷ್ಟ. ಎಡಗಣ್ಣಿನ ಪೊರೆ, ದೀಪಾವಳಿ ಆದ ಮೇಲೆ ಆಪರೇಷನ್.” ಮುಂದಿನ ಸಲ ಅವರು ಸಿಕ್ಕಾಗ ಕಣ್ಣು ಹೇಗಿದೆ ಎಂದು ಕೇಳಿದರೆ ಸಾಕು, ಹತ್ತು ನಿಮಿಷ ಮಾತು ತಾನಾಗಿ ಹರಿಯುತ್ತದೆ.

ಹ್ಯಾಮ್ ರೇಡಿಯೋದ ಮಾತಿಗೂ ಫೋನಿನ ಮಾತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಒಬ್ಬರು ಗುಂಡಿ ಒತ್ತಿ ಮಾತನಾಡುತ್ತಿರುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ, ಹೂಂ ಎನ್ನುವಂತೆಯೂ ಇಲ್ಲ. ಹೂಂಗುಟ್ಟುವವರಿಲ್ಲದೆ ಮಾತನಾಡುವುದು ನಮ್ಮ ಕಡೆಯವರಿಗೆ ಬಹಳ ಕಷ್ಟದ ಕೆಲಸ. ಹಾಗಾಗಿ ಹೊಸಬರು ಒಂದೋ ಎರಡು ವಾಕ್ಯಕ್ಕೆ ನಿಲ್ಲಿಸಿಬಿಡುತ್ತಾರೆ, ಇಲ್ಲವೇ ಎಂಟು ನಿಮಿಷ ಎಡೆಬಿಡದೆ ಹೇಳಿ, ಅಷ್ಟರಲ್ಲಿ ಆ ಕಡೆಯವರ ಸಿಗ್ನಲ್ ಕುಸಿದುಹೋಗಿರುವುದನ್ನು ಕೊನೆಗೆ ಕಾಣುತ್ತಾರೆ. ನಾನು ನನಗೆ ಹಾಕಿಕೊಂಡ ಕಟ್ಟು ಎರಡು ನಿಮಿಷದ್ದು. ಅವರು ಹೇಳಿದ್ದರಲ್ಲಿ ಒಂದಕ್ಕೆ ಉತ್ತರ, ನನ್ನದೊಂದು ಸಂಗತಿ, ಕೊನೆಗೆ ಒಂದೇ ಪ್ರಶ್ನೆ. ಆ ಸಂಗತಿ ಸಣ್ಣದಾಗಿಯೂ ನಿರ್ದಿಷ್ಟವಾಗಿಯೂ ಇರಬೇಕು. “ನನ್ನದು ಮೋಟಾರ್ ರಿಪೇರಿ” ಎಂದರೆ ಯಾರಿಗೂ ಕೇಳಲು ಏನೂ ಉಳಿಯುವುದಿಲ್ಲ. “ನಿನ್ನೆ ಬಂದ ಮೋಟಾರಿನೊಳಗೆ ಹಲ್ಲಿಯೊಂದು ಸುಟ್ಟು ಅಂಟಿಕೊಂಡಿತ್ತು” ಎಂದರೆ ಶಿರಸಿಯವರೂ ಗುಂಡಿ ಒತ್ತಿ ಬರುತ್ತಾರೆ.

ನಿಯಮದ ಮಾತನ್ನೂ ಇಲ್ಲೇ ಹೇಳಬೇಕು. ನಮ್ಮ ದೇಶದ ಹವ್ಯಾಸಿ ಸೇವೆಗೆ 1978ರ ನಿಯಮಗಳಿವೆ, ಆಮೇಲೆ ತಿದ್ದುಪಡಿಗಳೂ ಆಗಿವೆ. ಅವುಗಳ ಸಾರದಂತೆ ಯಂತ್ರ, ಆಂಟೆನಾಗಳ ತಾಂತ್ರಿಕ ಮಾತಿಗೂ ಅಷ್ಟೇನೂ ಮಹತ್ವವಿಲ್ಲದ ವೈಯಕ್ತಿಕ ಮಾತಿಗೂ ಅವಕಾಶವಿದೆ, ವ್ಯಾಪಾರದ ಮಾತಿಗೆ ಇಲ್ಲ. ಮಹತ್ವವಿಲ್ಲದ ವೈಯಕ್ತಿಕ ಮಾತಿಗೆಂದೇ ಸರ್ಕಾರ ಬಾಗಿಲು ತೆರೆದಿಟ್ಟಿರುವುದು ನನಗೆ ಬಹಳ ಇಷ್ಟವಾದ ಸಂಗತಿ. ಕೆಲಸದ ಬಗ್ಗೆ ಹೇಳಬಹುದು, ಕೆಲಸ ಕುದುರಿಸುವಂತಿಲ್ಲ. ಒಬ್ಬರು ತಮ್ಮ ಐದು ಎಚ್‌ಪಿ ಮೋಟಾರನ್ನು ಸುತ್ತಿಸಲು ಎಷ್ಟಾಗುತ್ತದೆ ಎಂದು ಬ್ಯಾಂಡಿನಲ್ಲೇ ಕೇಳಿದಾಗ, “ಸರ್, ಅದನ್ನ ಫೋನಿನಲ್ಲಿ ಮಾತಾಡೋಣ” ಎಂದು ತಕ್ಷಣ ಬೇರೆ ಮಾತಿಗೆ ಹೊರಳಬೇಕಾಯಿತು.

ಕುಟುಂಬದ ಮಾತಿನಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ರಿಸೀವರ್ ಇರುವ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಒಮ್ಮೆ ಉತ್ಸಾಹದಲ್ಲಿ, ನಾಳೆಯಿಂದ ಮೂರು ದಿನ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗುತ್ತೇವೆ ಎಂದು ಸಾರಿಬಿಟ್ಟೆ. ಹತ್ತೇ ನಿಮಿಷದಲ್ಲಿ ಅರಸೀಕೆರೆಯ ಹಿರಿಯರು ಫೋನ್ ಮಾಡಿ, “ಮನೆಗೆ ಬೀಗ ಹಾಕ್ತೀವಿ ಅಂತ ಡಂಗುರ ಸಾರಿದ್ಯಲ್ಲೋ ಮಾರಾಯ” ಎಂದರು. ಹೋಗಿ ಬಂದ ಮೇಲೆ ಹೇಳಬೇಕು, ಹೋಗುವ ಮುಂಚೆ ಅಲ್ಲ ಎಂಬ ಬುದ್ಧಿ ಅಂದಿನಿಂದ ಬಂತು. ಮಕ್ಕಳ ಶಾಲೆಯ ಹೆಸರನ್ನೂ ಹೇಳುವುದಿಲ್ಲ.

ಇನ್ನು ಹೆಂಡತಿಯ ವಿಷಯ. ಹ್ಯಾಮ್‌ಗಳ ಸಂಕ್ಷೇಪದಲ್ಲಿ ಹೆಣ್ಣುಮಗಳು ವೈಎಲ್, ಯಂಗ್ ಲೇಡಿ, ಹೆಂಡತಿ ಎಕ್ಸ್‌ವೈಎಲ್. ಕಾಫಿ ತಂದ ನಮ್ಮ ಮನೆಯವರು ಇದನ್ನು ಕೇಳಿ, ಎಕ್ಸ್ ಅಂದರೆ ಏನರ್ಥ ಎಂದು ವಿಚಾರಿಸಿದರು. ಮಾಜಿ ಎಂದೆ. ಎರಡು ದಿನ ಮಹಡಿಗೆ ಕಾಫಿ ಬರಲಿಲ್ಲ. ಈಗ ಬ್ಯಾಂಡಿನಲ್ಲಿ ಯಾರು ಎಷ್ಟೇ ಸಂಕ್ಷೇಪ ಬಳಸಲಿ, ನಾನು “ನಮ್ಮ ಮನೆಯವರು” ಎಂದೇ ಹೇಳುತ್ತೇನೆ.

ಪರಸ್ಪರರ ಕಸುಬು ಗೊತ್ತಿದ್ದರೆ ಏನು ಲಾಭ ಎಂಬುದಕ್ಕೆ ನನ್ನ ಆಂಟೆನಾವೇ ಸಾಕ್ಷಿ. 7.1 ಮೆಗಾಹರ್ಟ್ಸ್‌ಗೆ ಡೈಪೋಲ್ ಎಂಬ ತಂತಿಯ ಆಂಟೆನಾ ಕಟ್ಟಲು ಸುಮಾರು 20 ಮೀಟರ್ ತಂತಿ ಬೇಕು, ನಡುವಿನಿಂದ ಎರಡು ಕಡೆಗೆ ಹತ್ತತ್ತು ಮೀಟರ್. ಅಂಗಡಿಯಲ್ಲಿ ತಂತಿಗೇನು ಬರ? ಮಾನೋಬ್ಲಾಕ್ ಮೋಟಾರಿಗೆ ಸುತ್ತುವ ಎನಾಮೆಲ್ ತಾಮ್ರದ ತಂತಿಯನ್ನೇ ಅಳೆದು ಕತ್ತರಿಸಿ, ನೀರಿನ ಟ್ಯಾಂಕಿನಿಂದ ಪಕ್ಕದ ಮನೆಯ ತೆಂಗಿನ ಮರಕ್ಕೆ, ಅವರ ಒಪ್ಪಿಗೆ ಪಡೆದೇ, ಬಿಗಿದೆ. ಆಂಟೆನಾ ಯಂತ್ರಕ್ಕೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಏರಿದಷ್ಟೂ ಹೊಂದಾಣಿಕೆ ಕೆಟ್ಟಂತೆ; ಮೊದಲು ಅದು ಇರಬೇಕಾದಲ್ಲಿಯೇ ಇತ್ತು. ಆಷಾಢದ ಗಾಳಿ ಹೊಡೆಯತೊಡಗಿದ ಮೇಲೆ ವಾರದಿಂದ ವಾರಕ್ಕೆ ಅದು ಏರುತ್ತ ಹೋಯಿತು. ಕನೆಕ್ಟರ್ ಬದಲಿಸಿದೆ, ಕೇಬಲ್ ಬದಲಿಸಿದೆ, ಬಗೆಹರಿಯಲಿಲ್ಲ. ಒಂದು ದಿನ ಇದನ್ನೇ ನನ್ನ ಸಣ್ಣ ಸಂಗತಿಯಾಗಿ ಹೇಳಿದೆ.

ಅರಸೀಕೆರೆಯವರು ಕೇಳಿದ ಮೊದಲ ಪ್ರಶ್ನೆ, ಅದು ಯಾವ ತಂತಿ ಎಂಬುದು. ಲಿವರ್ ಎಳೆದರೆ ದೂರದ ಕೈಮರ ಅಲುಗುವಂತೆ ಹಳಿಯ ಪಕ್ಕದ ತಂತಿಯ ಬಿಗಿ ಕಾಯುವುದು ಅವರ ವೃತ್ತಿಯ ಆರಂಭದ ವರ್ಷಗಳ ಕೆಲಸವಾಗಿತ್ತಂತೆ. ಬಿಸಿಲಿಗೆ ಹಿಗ್ಗುವ, ಚಳಿಗೆ ಕುಗ್ಗುವ ತಂತಿಯನ್ನು ಅವರಷ್ಟು ಬಲ್ಲವರು ಬ್ಯಾಂಡಿನಲ್ಲಿ ಇರಲಿಲ್ಲ. “ವೈಂಡಿಂಗ್ ತಂತಿ ಸುತ್ತೋಕೆ ಬಾಗ್ಲಿ ಅಂತ ಕಾಯಿಸಿ ಮೆತ್ತಗೆ ಮಾಡಿರ್ತಾರೆ. ನೀನು ಅದನ್ನ ಗಾಳಿಗೆ ಕಟ್ಟಿದ್ಯ. ಅದು ಎಳ್ಕೊಂಡು ಉದ್ದ ಆಗಿದೆ, ಅಳೆದು ನೋಡು” ಎಂದರು. ಇಳಿಸಿ ಅಳೆದೆ. ಎರಡೂ ಕಡೆ ಸೇರಿ ಒಂದು ಗೇಣಿಗೂ ಹೆಚ್ಚು ಬೆಳೆದಿತ್ತು. ದಿನವಿಡೀ ಅದೇ ತಂತಿಯನ್ನು ಕೈಯಲ್ಲಿ ಬಾಗಿಸುವ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವರ ಸಲಹೆಯಂತೆ ಹೊಸ ತಂತಿಯ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ನಾನೂ ಅಂಗಡಿಯ ಹುಡುಗನೂ ಹಿಡಿದು, ಇನ್ನು ಹಿಗ್ಗುವುದಿಲ್ಲ ಎನ್ನುವವರೆಗೆ ಎಳೆದು, ಆಮೇಲೆ ಅಳತೆಗೆ ಕತ್ತರಿಸಿದೆವು. ಅದು ಇಂದಿಗೂ ಮೇಲಿದೆ.

ನಾವು ಐದು ಮನೆಯವರು ಮುಖತಃ ಸೇರಿದ್ದು ಒಂದು ಜನವರಿಯ ಭಾನುವಾರ, ಚಿತ್ರದುರ್ಗದ ಕೋಟೆಯಲ್ಲಿ. ಎಲ್ಲರಿಗೂ ನಡುವಿನ ಊರು ಅದೇ. ಬಾಗಿಲ ಬಳಿ ನಿಂತು ಯಾರು ಯಾರೆಂದು ಗುರುತಿಸಲಾಗದೆ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಮೇಷ್ಟ್ರದು ಬ್ಯಾಂಡಿನಲ್ಲಿ ಕಂಚಿನ ಕಂಠ. ಎದುರಿಗಿದ್ದವರು ನನ್ನ ಭುಜಕ್ಕೂ ಬಾರದ ಸಣ್ಣ ಮನುಷ್ಯ. ಕಣ್ಣು ಮುಚ್ಚಿಕೊಂಡರೆ ಪರಿಚಯ, ತೆರೆದರೆ ಅಪರಿಚಿತರು ಎನ್ನುವ ಸ್ಥಿತಿ ಮೊದಲ ಅರ್ಧ ಗಂಟೆ ಇತ್ತು. ಗಂಡಸರೆಲ್ಲ ಯಂತ್ರ, ಬ್ಯಾಟರಿ ಎನ್ನುತ್ತ ಹಿಂದುಳಿದೆವು.

ಓಬವ್ವನ ಕಿಂಡಿಯ ಬಳಿ ನಮ್ಮ ಮನೆಯವರೂ ಮೇಷ್ಟ್ರ ಮನೆಯವರೂ ಬಂಡೆಯ ನೆರಳಲ್ಲಿ ಕುಳಿತು ಮಂಡಕ್ಕಿಯ ಪೊಟ್ಟಣ ಬಿಚ್ಚಿದ್ದರು. ಮೇಷ್ಟ್ರ ಮನೆಯವರು ನನ್ನನ್ನು ನೋಡಿದವರೇ, “ನಿಮ್ಮ ಕೆಮ್ಮು ಹೋಯ್ತೇನ್ರೀ? ಹೋದ ಸೋಮವಾರ ಬಾಳ ಇತ್ತು” ಎಂದರು. ನಾನು ಅವರೊಂದಿಗೆ ಎಂದೂ ಒಂದು ಮಾತನ್ನೂ ಆಡಿದವನಲ್ಲ. ಅವರ ಮನೆಯಲ್ಲಿ ಯಂತ್ರವಿರುವುದು ಅಡುಗೆಮನೆಯ ಗೋಡೆಗೆ ಒರಗಿಸಿಯಂತೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತ ನಮ್ಮೆಲ್ಲರ ಮಾತನ್ನೂ ವರ್ಷಗಳಿಂದ ಕೇಳುತ್ತಿದ್ದಾರೆ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಬೋರು ಬತ್ತಿದೆ ಎಂಬುದೆಲ್ಲ ನನ್ನ ನೋಟ್‌ಬುಕ್ಕಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ತಿರುಗಿ ನೋಡಿದರೆ ನಮ್ಮ ಮನೆಯವರು ಗಣಿತ ಕಷ್ಟವೆನ್ನುವ ಆ ಪಿಯು ಹುಡುಗಿಯನ್ನು ಹೆಸರು ಹಿಡಿದು ಕರೆದು ಮಾತನಾಡಿಸುತ್ತಿದ್ದರು. ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಅವರು ಅಷ್ಟು ಹೊತ್ತು ನಿಲ್ಲುತ್ತಿದ್ದುದು ಏಕೆಂದು ಅಂದು ತಿಳಿಯಿತು.

ಪರವಾನಗಿ ಇಲ್ಲದವರು ಮೈಕ್ ಹಿಡಿಯುವಂತಿಲ್ಲ. ನಮ್ಮ ಮನೆಯವರಿಗೆ ಪರೀಕ್ಷೆ ಬರೆಯುವ ಮನಸ್ಸೂ ಇಲ್ಲ. ನೋಟ್‌ಬುಕ್ಕನ್ನು ಮಾತ್ರ ಮೆಟ್ಟಿಲ ಬಳಿಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದಾರೆ. ಇಂದು ಬೆಳಿಗ್ಗೆ ಹೊಸದುರ್ಗದ ಪುಟ ತೆಗೆದರೆ, ಅವರ ದುಂಡನೆಯ ಅಕ್ಷರದಲ್ಲಿ ಹೀಗೊಂದು ಸಾಲಿತ್ತು: “ಮೇಷ್ಟ್ರ ಮನೆಯವರ ಮಂಡಿ ಆಪರೇಷನ್ ಸೋಮವಾರ. ಮಂಗಳವಾರ ಮರೆಯದೆ ಕೇಳಿ. ದೋಸೆ ವಿಷಯ ಆಮೇಲೆ.”